ಹಿತುಕಿದ ಬೇಳೆಯಲ್ಲಿ ನನ್ನ ಪಾಲು

ಗುಬ್ಬಿ
ಜನವರಿ 1998

ಮದುವೆಯಾಗಿ ತುಮಕೂರು ಸೇರಿದ ಘನತೆವೆತ್ತ ಅರುಣಕ್ಕನ ಸನ್ನಿಧಾನಕ್ಕೆ, ಪದಚ್ಯುತ ತಮ್ಮ ತಿಮ್ಮೇಶನ ಅಹವಾಲು.

ಸಂಕ್ರಾಂತಿಗೆ ನೀನು, ಬಾವ ಬಂದಿದ್ದಿರಿ. ನೆನೆಸಿದ ಅವರೆಕಾಳನ್ನು ನೀನು ಒಂದೊಂದಾಗಿ ಹಿತುಕಿ, ಸಿಪ್ಪೆ ತೆಗೆದು, ಆ ಬೇಳೆಯ ಸಾರನ್ನೆಲ್ಲ ಬಾವನಿಗೇ ಬಡಿಸಿದೆ. ನನಗೆ ಸಿಪ್ಪೆ ಸಮೇತದ ಕಾಳು ಹಾಕಿದೆ. ಕೇಳಿದ್ದಕ್ಕೆ, "ನಿಮ್ ಬಾವಂಗೆ ಸಿಪ್ಪೆ ಅರಗಲ್ಲ ಕಣೋ. ನೀನು ಕಲ್ಲು ತಿಂದ್ರೂ ಅರಗಿಸ್ಕೋತೀಯ" ಅಂದೆ. ಹೋದ ವರ್ಷದವರೆಗೂ ಆ ಬೇಳೆ ನನ್ನ ತಟ್ಟೆಗೆ ಬೀಳುತ್ತಿತ್ತು.

ಪಿಯುಸಿ ವಿಜ್ಞಾನದ ವಿದ್ಯಾರ್ಥಿಯಾಗಿ ತಿಳಿಸುವುದೇನೆಂದರೆ, ಬೇಳೆಯ ಪ್ರೋಟೀನನ್ನು ಜಠರದ ಆಮ್ಲ ಸಡಿಲ ಮಾಡುತ್ತದೆ, ಪೆಪ್ಸಿನ್ ತುಂಡು ಮಾಡುತ್ತದೆ. ಸಣ್ಣ ಕರುಳಿನಲ್ಲಿ ಅದು ಇನ್ನೂ ಚೂರಾಗಿ, ಅಮೈನೋ ಆಮ್ಲವಾಗಿ ರಕ್ತಕ್ಕೆ ಸೇರುತ್ತದೆ. ಅಷ್ಟು ಹೊತ್ತಿಗೆ ಅದನ್ನು ಹಿತುಕಿದ್ದು ಅರುಣಕ್ಕನೋ ಪಕ್ಕದ ಮನೆಯವರೋ ಎಂದು ಬಾವನ ಕರುಳಿಗೆ ತಿಳಿಯುವುದಿಲ್ಲ. ನನಗೆ ತಿಳಿಯುತ್ತದೆ. ನಾನು ತಟ್ಟೆಯಲ್ಲೇ ಗುರುತು ಹಿಡಿಯುತ್ತೇನೆ.

ಬಾವ ಒಳ್ಳೆಯವರು. ಹಿರೇಹಳ್ಳಿ ಫ್ಯಾಕ್ಟರಿಯಲ್ಲಿ ದುಡಿದು ಸುಸ್ತಾಗುತ್ತಾರೆ, ಒಪ್ಪಿದೆ. ಆದರೆ ಊಟವಾದ ಮೇಲೆ ನೀನು ಅವರ ಪಕ್ಕದಲ್ಲೇ ಕೂತು, ಹೊಟ್ಟೆ ಹೇಗಿದೆ ಅಂತ ಮತ್ತೆ ಮತ್ತೆ ಕೇಳಿದೆ. ನನ್ನ ಹೊಟ್ಟೆಯನ್ನು ಯಾರೂ ವಿಚಾರಿಸಲಿಲ್ಲ. ಆವತ್ತು ಅದೂ ಅಷ್ಟು ಚೆನ್ನಾಗಿರಲಿಲ್ಲ.

ಅವರೆಕಾಯಿ ಈ ತಿಂಗಳೆಲ್ಲ ಸಿಗುತ್ತದೆ ಅಂತ ಅವ್ವ ಹೇಳಿದಳು. ಭಾನುವಾರ ಬಾ. ಬಾವನೂ ಬರಲಿ, ನನ್ನ ಅಡ್ಡಿಯಿಲ್ಲ. ನೆನೆದ ಕಾಳಿನ ಪಾತ್ರೆಯನ್ನು ಅವರ ಕೈಗೆ ಕೊಟ್ಟು ಹಿತುಕಲು ಕೂರಿಸು. ನೀನು ನನ್ನ ಪಕ್ಕ ಕೂತ್ಕೋ.

ಇಂತಿ, ಇನ್ನೂ ನಿನ್ನ ತಮ್ಮನೇ ಆಗಿರುವ,
ತಿಮ್ಮೇಶ