ಅರಮನೆಯ ಕೊಳಕ್ಕೆ ನೀರು ಹೊತ್ತವರು

ಜುಲೈ ೯, ಮಂಗಳವಾರ

ಸಿಕುಡಾನಿಯ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಇವತ್ತು ನನ್ನ ತರಗತಿಯ ಮಕ್ಕಳನ್ನು ನಮ್ಮ ಪೂರ್ವ ಆಫ್ರಿಕಾ ಕರಾವಳಿಯ ಕಿಲ್ವಾ ದ್ವೀಪದ ಪಾಳು ಅರಮನೆಗೆ ಕರೆದೊಯ್ದಿದ್ದೆ. ಏಳುನೂರು ವರ್ಷದ ಹಿಂದೆ ಸುಲ್ತಾನರು ಚೀನಾದ ತಟ್ಟೆಯಲ್ಲಿ ಉಣ್ಣುತ್ತಿದ್ದರು, ಈ ಕೊಳದಲ್ಲಿ ಮೀಯುತ್ತಿದ್ದರು ಎಂದೆ.

"ಮೇಷ್ಟ್ರೇ, ಇದಕ್ಕೆ ನೀರು ಹೊತ್ತೋರು ಯಾರು?" ಸಿಕುಡಾನಿ ಕೇಳಿದಳು.

"ಇನ್ಯಾರು, ನಿಮ್ಮಜ್ಜಿ ಕಡೆಯೋರು," ಎಂದ, ತಾನು ಸುಲ್ತಾನರ ಕಡೆಯವನೆಂದು ಬೀಗುವ ಹಮಾದಿ. ಗುಲಾಮರ ವಂಶದವಳೆಂದು ಅವಳನ್ನು ಚುಚ್ಚುವುದು ಅವನಿಗೆ ರೂಢಿ. ಮಕ್ಕಳೆಲ್ಲ ನಕ್ಕರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಒಣಗಿದ ಕೊಳಕ್ಕಿಳಿದು, ಗೋಡೆಯನ್ನು ಮೆಲ್ಲಗೆ ಸವರಿದಳು.

"ಹಾಗಾದ್ರೆ ಇದನ್ನ ತುಂಬ್ಸಿದ್ದು ನಮ್ಮೋರು. ನಿಮ್ಮೋರು ಸುಮ್ನೆ ಮಿಂದು ಹೋದ್ರು, ಅಲ್ವೇನೋ?"

ಯಾರೂ ನಗಲಿಲ್ಲ. ದೋಣಿಯಲ್ಲಿ ಹಿಂದಿರುಗುವಾಗ ಹಮಾದಿ ತನ್ನ ಬುತ್ತಿಯಲ್ಲಿದ್ದ, ಎಣ್ಣೆಯಲ್ಲಿ ಕರಿದ ಸಿಹಿ ಮಂದಾಜಿಯನ್ನು ಮುರಿದು ಅವಳಿಗೆ ಕೊಟ್ಟ. ಅವಳು ಸಮುದ್ರ ನೋಡುತ್ತ ತಿಂದಳು.

ನೀರು ಹೊತ್ತ ಆ ಜನ ಏನು ಉಣ್ಣುತ್ತಿದ್ದರು, ಎಲ್ಲಿ ಮಲಗುತ್ತಿದ್ದರು? ನಾಳೆ ಮಕ್ಕಳಿಗೆ ಹೇಳಬೇಕು, ಆದರೆ ನನಗೇ ಗೊತ್ತಿಲ್ಲ. ಅವಳ ಅಜ್ಜಿಯನ್ನೇ ತರಗತಿಗೆ ಕರೆದರೆ, ಆಕೆ ಬರುತ್ತಾಳೋ ಇಲ್ಲವೋ, ಬಂದರೂ ನಗುವ ಮಕ್ಕಳ ಮುಂದೆ ಆ ಕಥೆ ಬಿಚ್ಚುತ್ತಾಳೋ?