ಹತ್ತರಲ್ಲಿ ಎಂಟು

ಜೂನ್ 3, ಸೋಮವಾರ
ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಎಂದಿನಂತೆ ಪಾಠ. ಇವತ್ತು ಗಾಳಿಯ ಒತ್ತಡ. ಜಾಮ್ ಬಾಟಲಿಯ ಬಾಯಿಗೆ ಬಿಗಿಯಲು ಬಲೂನು ತರುವುದೇ ಮರೆತಿದ್ದೆ. ನರ್ಸಕ್ಕ ಒಂದು ಗ್ಲೌಸ್ ಕತ್ತರಿಸಿ ಕೊಟ್ಟಳು. ಮೇಲೊಂದು ಸ್ಟ್ರಾ ಅಂಟಿಸಿದೆವು. ಹೊರಗೆ ಒತ್ತಡ ಇಳಿದರೆ ರಬ್ಬರು ಉಬ್ಬುತ್ತದೆ, ಸ್ಟ್ರಾದ ಹೊರತುದಿ ಕೆಳಕ್ಕೆ ಬಾಗುತ್ತದೆ — ಮಳೆಯ ಸೂಚನೆ. ಮಧ್ಯಾಹ್ನದೊಳಗೆ ಬಾಗಿಯೇ ಬಿಟ್ಟಿತು! "ನಾಳೆ ಮಳೆ, ಹತ್ತರಲ್ಲಿ ಏಳು" ಎಂದು ಬೋರ್ಡಿನ ಮೇಲೆ ಬರೆದೆ. ಜಂಬದಿಂದ.

ಜೂನ್ 4
ಸುಡುಬಿಸಿಲು. ಕಿಟಕಿ ಪಕ್ಕದ ಹಾಸಿಗೆಯ ಹುಡುಗಿ ಬಿಡುತ್ತಾಳೆಯೇ? ಡಾಕ್ಟರನ್ನೂ ಪಾಟೀಸವಾಲಿಗೆ ಎಳೆಯುವವಳು. ವಾರ್ಡಿಗೆಲ್ಲ ‘ವಕೀಲಮ್ಮ’.
"ಟೀಚರ್, ಎಲ್ಲಿ ನಿಮ್ಮ ಮಳೆ?"
ಸ್ಟ್ರಾ ಹಾಗೆ ಹತ್ತು ಸಲ ಬಾಗಿದರೆ ಏಳು ಸಲ ಮಳೆ ಬರುತ್ತದೆ, ಮೂರು ಸಲ ಬರುವುದಿಲ್ಲ ಎಂದೆ.
"ಅಂದ್ರೆ ಬಂದ್ರೂ ನೀವೇ ಸರಿ, ಬರದಿದ್ರೂ ನೀವೇ ಸರಿ! ಚೆನ್ನಾಗಿದೆ ನಿಮ್ಮ ನ್ಯಾಯ!"
ವಾರ್ಡೆಲ್ಲ ನಗು. ಮನೆಯಲ್ಲಿ ಇವರಿಗೆ ಹೇಳಿದರೆ, "ಈ ಸೂತ್ರ ನಮ್ಮ ಆಫೀಸಿಗೂ ಬೇಕಿತ್ತು" ಅಂದರು.

ಜೂನ್ 6
ಪಾಠ ಮುಗಿದ ಮೇಲೆ ವಕೀಲಮ್ಮ ಕೈ ಜಗ್ಗಿದಳು.
"ನನ್ನ ಆಪರೇಶನ್ ಬಗ್ಗೆ ಡಾಕ್ಟರು ಅಜ್ಜಿಗೆ ಹೇಳಿದ್ದು ಕೇಳಿಸ್ಕೊಂಡೆ. ಹತ್ತರಲ್ಲಿ ಎಂಟು ಮಕ್ಕಳಿಗೆ ಸರಿಹೋಗುತ್ತಂತೆ." ಬೆರಳು ಎಣಿಸಿ — "ಆ ಇನ್ನಿಬ್ಬರು ಯಾರು ಟೀಚರ್?"
ಏನೂ ಆಗಲ್ಲ ಎಂದುಬಿಡಬಹುದಿತ್ತು. ನಂಬುವವಳಲ್ಲ.
"ಗೊತ್ತಿಲ್ಲ ಪುಟ್ಟಿ. ಯಾರಿಗೂ ಮೊದ್ಲೇ ಗೊತ್ತಾಗಲ್ಲ. ಅದಕ್ಕೇ ಡಾಕ್ಟರು ಎಲ್ಲಾ ರೆಡಿ ಇಟ್ಕೊಂಡಿರ್ತಾರೆ."
"ಛತ್ರಿ ತಗೊಂಡು ಹೋಗೋ ಹಾಗಾ?"
"ಹೂಂ."
"ಏನೇನು ಛತ್ರಿ?"
ನರ್ಸಕ್ಕ ಹಾಸಿಗೆಯ ಅಂಚಿಗೆ ಕೂತಳು. "ರಕ್ತ ಇದೆ, ಆಕ್ಸಿಜನ್ ಇದೆ, ಇಬ್ಬರು ದೊಡ್ಡ ಡಾಕ್ಟರು. ಆಮೇಲೆ ನಾನು. ಸಾಲ್ದಾ?"
ವಕೀಲಮ್ಮ ಯೋಚಿಸಿದಳು. "ಸದ್ಯಕ್ಕೆ ಸಾಕು."
ನಿನ್ನೆಯಿಂದ ಮುಟ್ಟದಿದ್ದವಳು ಇವತ್ತು ಊಟ ಪೂರ್ತಿ ಮಾಡಿದಳಂತೆ. ಅಜ್ಜಿ ಮೆಟ್ಟಿಲವರೆಗೂ ಬಂದು ನನ್ನ ಕೈ ಹಿಡಿದುಕೊಂಡರು.

ಜೂನ್ 10
ಇವತ್ತು ಆಪರೇಶನ್. ಪಾಠದಲ್ಲಿ ಮೋಡಗಳ ಹೆಸರೆಲ್ಲ ಅದಲುಬದಲು. ಸಂಜೆವರೆಗೆ ಅಜ್ಜಿಯ ಜೊತೆ ಬೆಂಚಿನ ಮೇಲೆ. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಎದ್ದು ನಿಲ್ಲುತ್ತಿದ್ದೆವು. ಮುಗಿಯಿತು ಅಂದರು. ಆದರೆ ಇನ್ನೂ ಎಚ್ಚರವಿಲ್ಲ...

ಜೂನ್ 15
ಬರೆಯಲು ಕೈ ಬಂದಿರಲಿಲ್ಲ. ಎಚ್ಚರವಾಯಿತು ಅನ್ನುವಷ್ಟರಲ್ಲಿ ಜ್ವರ. ಐಸಿಯುನಲ್ಲೇ ಇದ್ದಳು. ಇವತ್ತು ವಾರ್ಡಿಗೆ ತಂದರು! ಮುಖ ಪೇಲವ. ಕಣ್ಣು ಮಾತ್ರ ಅದೇ. ನರ್ಸಕ್ಕ ಇಷ್ಟು ದಿನ ಸರಿಯಾಗಿ ಮನೆಗೇ ಹೋಗಿಲ್ಲವಂತೆ. ಥ್ಯಾಂಕ್ಸ್ ಹೇಳಹೋದವಳು ಅತ್ತೇಬಿಟ್ಟೆ.
"ಅಳ್ಬೇಡಿ ಟೀಚರ್, ನೆಲ ಈಗಷ್ಟೇ ಒರೆಸಿದ್ದಾರೆ" ಅಂದಳು ನರ್ಸಕ್ಕ.
ಶಾಲೆ ಬಿಡಿಸಿ ನನ್ನನ್ನು ಈ ವಾರ್ಡಿನ ಪಾಠಕ್ಕೆ ಹಾಕಿದಾಗ ಗೊಣಗಿಕೊಂಡೇ ಬಂದಿದ್ದೆ. ಯಾರು ಹಾಕಿದರೋ, ಅವರ ಹೊಟ್ಟೆ ತಣ್ಣಗಿರಲಿ.

ಜೂನ್ 24, ಸಂಜೆ, ಟೆರೇಸಿನಲ್ಲಿ
ಇವತ್ತು ಪಾಠ ಅವಳದೇ. ಅಜ್ಜಿಯ ಕೈ ಹಿಡಿದು ಕಿಟಕಿವರೆಗೆ ನಡೆದಳು. ಬಹಳ ಹೊತ್ತು ಆಕಾಶ ನೋಡಿ ತೀರ್ಪು ಕೊಟ್ಟಳು: "ಸಂಜೆ ಮಳೆ ಇಲ್ಲ. ಹತ್ತರಲ್ಲಿ ಒಂಬತ್ತು."
ದೂರದಲ್ಲೊಂದು ಕರಿಮೋಡ ನನಗೆ ಕಂಡಿತ್ತು. ಬಾಯಿ ಬಿಡಲಿಲ್ಲ. ಮನೆಗೆ ಬಂದವಳೇ, ಅವಳನ್ನು ನಂಬಿ, ಇದ್ದಬದ್ದ ಬಟ್ಟೆಯನ್ನೆಲ್ಲ ಒಗೆದು ಹರವಿದೆ.
ಈಗ ಹನಿ ಬಿತ್ತು, ಈ ಹಾಳೆಯ ಮೇಲೇ. ಕೆಳಗಿನಿಂದ ಇವರ ಕೂಗು — "ಏ, ಮಳೆ ಕಣೇ, ಬಟ್ಟೆ!"
ಬರಲಿ. ಜಗಳ ಆಡಲು ನಾಳೆ ಅವಳಿದ್ದಾಳಲ್ಲ. ಬೆಡ್‌ಶೀಟು ಪೂರ್ತಿ ನೆನೆ—