ತಾಳವ್ವನ ಕಲ್ಲು

ಖಾನಾಪುರ
೧೨ ಆಗಸ್ಟ್ ೨೦೨೪

ತಾಳವ್ವನ ಪರಮಭಕ್ತರೂ ನನ್ನ ಪಾಲಿಗೆ ಬರೀ ಗಂಡನೂ ಆದ ಗೌರೀಶ ಅವರಿಗೆ,

ಫೋನಿನಲ್ಲಿ ನೀವು 'ಹೂಂ' ಬಿಟ್ಟು ಬೇರೇನೂ ಹೇಳುವುದಿಲ್ಲ. ಕಾಗದ ಓದುವಾಗ ಹೂಂಗುಟ್ಟಿದರೂ ನನಗೆ ಕೇಳಿಸುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ. ಕಾಲೇಜು ಚೆನ್ನಾಗಿದೆ. ಬಾಡಿಗೆ ಕೋಣೆಯೂ ಚೆನ್ನಾಗಿದೆ. ಇಷ್ಟು ಸಲ ಹೇಳಿದ ಮೇಲೆ ನಂಬಬೇಡಿ. ಸಂಜೆ ನಮ್ಮ ಮನೆಯಿರುವ ಬೆಳಗಾವಿಯ ಬಸ್ಸು ಹೊರಡುವ ಹೊತ್ತಿಗೇ ನನಗೆ ಕೊತ್ತಂಬರಿ ನೆನಪಾಗುತ್ತದೆ, ಅದೂ ಸ್ಟ್ಯಾಂಡಿನ ಎದುರಿನ ಅಂಗಡಿಯದೇ ಆಗಬೇಕು. ಕೋಣೆಯಲ್ಲಿ ಸೊಪ್ಪು ಕೊಳೆಯುತ್ತಿದೆ.

ಮೊನ್ನೆ ನಂದಗಡದ ಸಂತೆ ಮುಗಿಸಿ ನಿಮ್ಮ ಅವ್ವ ಬಂದಿದ್ದರು. ಚಹಾ ಕುಡಿದು, ಸೊಪ್ಪಿನ ರಾಶಿ ನೋಡಿ ನಕ್ಕು, ಆಮೇಲೆ ಹೇಳಿದರು: "ಗೌರೀಶ ಕಲ್ಲ ಹಿಡದಾನ, ಕೇತಕಿ. ನೀ ಮನಿ ಬಿಟ್ಟ ದಿನಾನ ಗುಡಿಗೆ ಹೋಗಿ ತಂದಾನ."

ಮದುವೆಯಾದ ಹೊಸದರಲ್ಲಿ ಅವರೇ ತಿಳಿಸಿದ್ದರು. ತಲೆಯ ಮೇಲೆ ಬಂಡೆ ಹೊತ್ತು ನಿಂತ ನಿಮ್ಮ ಮನೆದೇವರು ತಾಳವ್ವ ಬೇಡಿದ್ದನ್ನು ಕೊಡುವವಳಲ್ಲ, ತಾಳುವ ಬಲವನ್ನಷ್ಟೇ ಕೊಡುವವಳು. ದುಃಖವಾದಾಗ ಅವಳ ಕಾಲಡಿಯ ಒಂದು ಕಲ್ಲು ತಂದು ಮೈಮೇಲೆ ಇಟ್ಟುಕೊಳ್ಳಬೇಕು. ತಾನಾಗಿ ಇಳಿಸುವಂತಿಲ್ಲ. ಯಾರ ದೆಸೆಯಿಂದ ಹಿಡಿದದ್ದೋ ಅವರೇ ಕೈಚಾಚಿ ಇಸಿದುಕೊಳ್ಳಬೇಕು. ಅಲ್ಲಿಯವರೆಗೆ ಅದು ದಿನದಿನಕ್ಕೆ ಭಾರವಾಗುತ್ತದೆ. 'ತಗೋ' ಎಂದು ಬಾಯಿಬಿಟ್ಟು ಕೇಳಿದರೆ ದೇವಿ ಕೊಟ್ಟ ಬಲ ಹೋಗುತ್ತದೆ. ಆಗ ನಾನು ನಕ್ಕಿದ್ದೆ.

"ಖರೇನ ಭಾರ ಆಗೇತೇನ್ರಿ ಅತ್ತಿ?" ಎಂದೆ.

"ನೋಡಾಕ ನಿಂಬಿಹಣ್ಣಿನಷ್ಟ ಐತಿ. ಕಿಸೆ ಹೊಲದು ಹೊಲದು ಸಾಕಾತು. ಕುಂತಾಂವ ಏಳಬೇಕಂದ್ರ, ಜಾಕಿ ಹಚ್ಚೂಣೇನ್ರಿ ಮಾಲಕರ ಅಂತಾರ ಕೆಲಸದವರು. ನಾ ಕೈ ಚಾಚಿದೆ, ಅದು ಬರಲಿಲ್ಲವ್ವಾ. ನಾ ಬರೇ ಅವ್ವ."

ನಾನು ಕಾಲೇಜಿನಲ್ಲಿ ಪಾಠ ಮಾಡುವವಳು, ನೀವು ಆಟೋ ನಗರದಲ್ಲಿ ಲಾರಿಗಳ ಅಡಿಯ ಸ್ಪ್ರಿಂಗ್ ಪಾಟಾ ಕೂಡಿಸುವವರು. ಇಷ್ಟು ಪ್ರಾಸವಿದ್ದರೆ ಸಂಸಾರ ನಡೆದೀತು ಎಂದುಕೊಂಡಿದ್ದೆ. ಲೋಡು ಹೆಚ್ಚಾದರೆ ಪಾಟಾ ಮುರಿಯುತ್ತದೆ ಎಂದು ಡ್ರೈವರುಗಳನ್ನು ಬೈಯುವವರು ನೀವೇ ಅಲ್ಲವೇ?

ನೌಕರಿಯ ಆದೇಶ ಬಂದ ದಿನ "ಹೋಗ್ಲೇನ್ರಿ?" ಎಂದೆ. "ನಿನ್ನಿಷ್ಟ" ಎಂದಿರಿ. ಬ್ಯಾಗು ತುಂಬುತ್ತ ಮತ್ತೆ ಕೇಳಿದೆ. ಸಿಕ್ಕಿಕೊಂಡ ಜಿಪ್ಪು ಎಳೆದುಕೊಟ್ಟಿರಿ. ಖಾನಾಪುರವೇನು ಕಾಶಿಯೇ? ದಿನಾ ಓಡಾಡಬಹುದಾದ ಊರು. ಕೋಣೆ ಹಿಡಿಯುತ್ತೇನೆ ಎಂದದ್ದೇ ನೀವು ಬೇಡ ಎನ್ನಲಿ ಎಂದು. ನೀವು ತಾಳಿದಿರಿ. ತಾಳಿ ಕಟ್ಟಿದವರು ತಾಳಲೇಬೇಕೆಂದು ಯಾರು ಹೇಳಿದರು? ನನಗೆ ಬೇಕಾಗಿದ್ದದ್ದು ತಾಳಲಾರದ ಗಂಡ. ಬಾಗಿಲಿಗೆ ಅಡ್ಡ ನಿಂತು ಜಗಳ ತೆಗೆಯುವವನು. ನೀವು ನನ್ನನ್ನು ಸುಮ್ಮನೆ ಕಳಿಸಿ, ಆಮೇಲೆ ಹೋಗಿ ಕಲ್ಲು ಹಿಡಿದಿರಿ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನೀವು ಕೇಳಿಲ್ಲ, ನಾನಾಗಿ ಬರುತ್ತಿದ್ದೇನೆ. ನಿಮ್ಮ ನೇಮಕ್ಕೆ ಭಂಗವಿಲ್ಲ. ಕಲ್ಲು ಇಸಿದುಕೊಂಡು, ಆಮೇಲೆ ಮನಸಾರೆ ಜಗಳ ಆಡೋಣ. ಅಲ್ಲಿಯವರೆಗೆ ಗಾಡಿಯ ಕೆಳಗೆ ಬಗ್ಗಬೇಡಿ.

ಇನ್ನೂ ನಿಮ್ಮವಳೇ ಆದ
ಕೇತಕಿ

ತಾ.ಕ.: ನಮ್ಮ ತವರಿನವರು ತಾಳವ್ವನ ಒಕ್ಕಲಲ್ಲ. ಆದರೂ ಇಲ್ಲಿಗೆ ಬಂದ ವಾರವೇ ನಾನೂ ಆ ಗುಡಿಗೆ ಹೋಗಿದ್ದೆ. ಈಗ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ನನ್ನ ಕೈಚೀಲ ಸರಿಸಲಾರದೆ ಕಂಡಕ್ಟರು "ಲಗೇಜ್ ತಿಕೀಟ ತಗೀಸ್ರಿ ಬಾಯಾರ" ಎನ್ನುತ್ತಾನೆ. ಅತ್ತೆಗೂ ಇದನ್ನು ಹೇಳಿಲ್ಲ. ಬಾಯಿಬಿಟ್ಟು ಕೇಳಿದರೆ ಬಲ ಹೋಗುತ್ತದಂತೆ, ಹೋಗಲಿ. ಭಾನುವಾರದವರೆಗೆ ನನ್ನಿಂದ ಆಗುವುದಿಲ್ಲ. ಕಾಗದ ಸಿಕ್ಕ ಕೂಡಲೇ ಬಂದು ಇಸಿದುಕೊಳ್ಳಿ.